ಮುನಿರಾಜು ಭಾವ ಕೇಳಿಸಿಕೊಂಡದ್ದು

ಮುನಿರಾಜು ಭಾವ ಸಿನಿಮಾ ನೋಡುವಾಗ ಆಗಾಗ ಹಿಂದಕ್ಕೆ ತಿರುಗಿ ನೋಡುತ್ತಿದ್ದರು. ಪರದೆಯ ಮೇಲೆ ಯಾವುದೋ ಲಾರಿ ಹಾರ್ನ್ ಹೊಡೆದು, ಆ ಸದ್ದು ಥಿಯೇಟರಿನ ಹಿಂದಿನ ಗೋಡೆಯ ಸ್ಪೀಕರಿನಿಂದ ಬಂತೆಂದರೆ ಸಾಕು, ಅವರ ಕತ್ತು ತಾನಾಗಿಯೇ ತಿರುಗಿಬಿಡುತ್ತಿತ್ತು. ಹಿಂದಿನ ಸಾಲಿನವರಿಗೆ ಕಸಿವಿಸಿ. ಒಂದು ಸಲ ನಮ್ಮ ಹಿಂದೆ ಹೊಸದಾಗಿ ಮದುವೆಯಾದ ಜೋಡಿ ಕೂತಿತ್ತು. ಮೂರನೆಯ ಸಲ ತಿರುಗಿದಾಗ ಆ ಹುಡುಗ ಸಿಟ್ಟಾಗಿ, "ಸಾರ್, ಸಿನಿಮಾ ಮುಂದೆ ಓಡ್ತೈತೆ" ಅಂದ. ಭಾವ ನಾಚಿಕೊಂಡು, "ಸಾರಿ ಗುರು, ಹಾರ್ನ್ ಕೇಳಿಸ್ತು. ಸೈಡ್ ಕೇಳ್ತಾವ್ನೇನೋ ಅಂತ ನೋಡ್ದೆ" ಅಂದರು. ಹುಡುಗನಿಗೂ ನಗು ತಡೆಯಲಾಗಲಿಲ್ಲ. ಅಕ್ಕ ಮಾತ್ರ ಸೆರಗಿನಲ್ಲಿ ಮುಖ ಮುಚ್ಚಿಕೊಂಡು, "ಇವರ ಜೊತೆ ಇನ್ನೊಂದ್ಸಲ ಬಂದ್ರೆ ಕೇಳು" ಎಂದು ನನ್ನ ಕಿವಿಯಲ್ಲಿ ಗೊಣಗಿದಳು. ಮುಂದಿನ ತಿಂಗಳು ಮತ್ತೆ ಬಂದಳು.

ಭಾವ ಹೊಸಕೋಟೆಯ ಕಾರ್ಖಾನೆಯೊಂದಕ್ಕೆ ಜನರನ್ನು ಕರೆದೊಯ್ಯುವ ಬಸ್ಸಿನ ಡ್ರೈವರ್ ಆಗಿದ್ದರು. ಮನೆ ಅನುಗೊಂಡನಹಳ್ಳಿಯ ಹತ್ತಿರ. ಡಿಗ್ರಿ ಮುಗಿಸಿದ ನಾನು ಅದೇ ಕಾರ್ಖಾನೆಯ ಸ್ಟೋರ್ಸಿನಲ್ಲಿ ಕೆಲಸಕ್ಕೆ ಸೇರಿ, ಮದುವೆಯಾಗುವವರೆಗೂ ಅಕ್ಕನ ಮನೆಯಲ್ಲಿದ್ದು, ಭಾವನ ಬಸ್ಸಿನಲ್ಲೇ ಓಡಾಡಿದೆ. ಬೇರೆ ಕಂಪನಿ ಬಸ್ಸುಗಳಲ್ಲಿ ಬೆಳಗಾಗೆದ್ದು ಹಾಡು ಕಿರುಚುತ್ತಿದ್ದರೆ ಭಾವನ ಬಸ್ಸಿನಲ್ಲಿ ಹಾಡಿಲ್ಲ. ಹುಡುಗಿಯರು ಗೋಗರೆದರೂ ಇಲ್ಲ. "ಹಾಡು ಹಾಕಿದ್ರೆ ಗಾಡಿ ಮಾತಾಡೋದು ಕೇಳಿಸಲ್ಲ ಕಣಮ್ಮ" ಎನ್ನುತ್ತಿದ್ದರು. ಹಾಡಿನ ಮೇಲೆ ದ್ವೇಷವೇನೂ ಇರಲಿಲ್ಲ. ಭಾನುವಾರ ಥಿಯೇಟರಿನಲ್ಲಿ ಮಧ್ಯದ ಸಾಲಿನ ಮಧ್ಯದ ಸೀಟೇ ಬೇಕು, ಸಿಗದಿದ್ದರೆ ಮುಂದಿನ ಆಟದವರೆಗೂ ಕಾಯುತ್ತೇನೆ ಎನ್ನುವ ಮನುಷ್ಯ. ಅಲ್ಲಿ ಕೂತರೆ ಸದ್ದು ನಾಲ್ಕೂ ಕಡೆಯಿಂದ ಸಮನಾಗಿ ಬರುತ್ತದಂತೆ.

ಗಾಡಿ ಕಲಿಸಿ ಎಂದು ನಾನೊಮ್ಮೆ ದುಂಬಾಲು ಬಿದ್ದಾಗ, ಹಳೆಯ ಮಾರುತಿಯೊಂದರಲ್ಲಿ ನನ್ನನ್ನು ಕೂರಿಸಿ ಮೊದಲು ಹೇಳಿದ್ದು: "ಮುಂದೆ ನೋಡೋದು ಎಲ್ರೂ ನೋಡ್ತಾರೆ. ನೀನು ಪಕ್ಕ ನೋಡು. ಬರೋ ಆಪತ್ತೆಲ್ಲ ಪಕ್ಕದಿಂದಾನೇ ಬರೋದು." ನಾನು ಇಂದಿಗೂ ಕನ್ನಡಿಗಳನ್ನು ನೋಡದೆ ಗಾಡಿ ಎತ್ತುವುದಿಲ್ಲ.

ಅಂಥವರ ಬಸ್ಸು ಒಂದು ಬೆಳಿಗ್ಗೆ ಕಾರ್ಖಾನೆಯ ಗೇಟಿನ ಕಂಬಕ್ಕೆ ಎಡಗಡೆ ಉಜ್ಜಿತು. ವರ್ಷಾನುಗಟ್ಟಲೆ ಬಸ್ಸು ತಿರುಗಿಸಿದ ಗೇಟು. ಭಾವ ಕೆಳಗಿಳಿದು ಗೀರನ್ನು ಬೆರಳಿನಿಂದ ಸವರಿ ನೋಡಿ, ಹತ್ತಿ ಕೂತರು. ಅದಾಗಿ ಕೆಲವೇ ದಿನಕ್ಕೆ ಹೈವೇಗೆ ಸೇರುವ ತಿರುವಿನಲ್ಲಿ ಸ್ಕೂಟರಿನವನೊಬ್ಬ ಬಸ್ಸಿಗೆ ತಗುಲಿ ಬಿದ್ದ. ಮೊಣಕೈ ತರಚಿದ್ದು ಬಿಟ್ಟರೆ ಏನೂ ಆಗಿರಲಿಲ್ಲ. ಆದರೆ ಎದ್ದು ನಿಂತು ಬೈಯುತ್ತಿದ್ದ ಅವನನ್ನು ಭಾವ ಕೇಳಿದ ಪ್ರಶ್ನೆಗೆ ಬಸ್ಸಿನಲ್ಲಿದ್ದ ನಾನು ಕೆಳಗಿಳಿದು ಬಂದೆ.

"ನೀನು ಎಲ್ಲಿಂದ ಬಂದಪ್ಪಾ?"

"ಎಲ್ಲಿಂದ ಅಂದ್ರೆ? ಅಷ್ಟೊತ್ತಿಂದ ನಿಮ್ ಪಕ್ಕದಲ್ಲೇ ಬರ್ತಿದ್ನಲ್ರೀ!"

ಬೆಂಗಳೂರಿನ ಕಣ್ಣಾಸ್ಪತ್ರೆಗೆ ಅಕ್ಕನ ಜೊತೆ ನಾನೂ ಹೋಗಿದ್ದೆ. ಕಣ್ಣಿನೊಳಗಿನ ಒತ್ತಡ ಹೆಚ್ಚಾಗಿ, ಗೊತ್ತೇ ಆಗದ ಹಾಗೆ ಪಕ್ಕದ ನೋಟವನ್ನು ತಿಂದುಬಿಟ್ಟಿದೆ ಎಂದರು ಡಾಕ್ಟರು. ಹೋದದ್ದು ಬರುವುದಿಲ್ಲ, ಉಳಿದದ್ದನ್ನು ಕಾಪಾಡಿಕೊಳ್ಳಬೇಕು, ಹನಿ ಬಿಡುವುದನ್ನು ತಪ್ಪಿಸಬಾರದು. ಹೊರಗೆ ಬಂದು ಬೆಂಚಿನ ಮೇಲೆ ಕೂತಾಗ ಭಾವ ಎರಡೂ ಕೈಗಳನ್ನು ಕೊಳವೆಯಂತೆ ಮಾಡಿ ಕಣ್ಣಿಗಿಟ್ಟುಕೊಂಡು ನನ್ನನ್ನು ನೋಡಿದರು.

"ಹಿಂಗೆ ಕಾಣ್ತದೆ ಶೋಭಾ. ನಿನ್ನ ಮೂಗು ಐತೆ. ಕಿವಿ ಇಲ್ಲ."

ಅಕ್ಕ ಅಲ್ಲೇ ಅತ್ತಳು. ಭಾವ ಅಳಲಿಲ್ಲ. ಮರುದಿನ ಕಾರ್ಖಾನೆಗೆ ಹೋಗಿ ಯಾರೂ ಕೇಳುವ ಮೊದಲೇ ಬಸ್ಸಿನ ಬೀಗದ ಕೈಯನ್ನು ಮೇಜಿನ ಮೇಲಿಟ್ಟು ಬಂದರು.

ಅಲ್ಲಿಂದ ಆ ಮನೆಯ ಲಯವೇ ಬದಲಾಯಿತು. ಅಕ್ಕ ಸರೋಜ ಪ್ಯಾಕಿಂಗ್ ಕೆಲಸಕ್ಕೆ ಸೇರಿದಳು. ಮಗಳು ಕಾವ್ಯ ಬೆಳಿಗ್ಗೆ ಕಾಲೇಜಿಗೆ ಹೊರಟರೆ ಬರುವುದು ಸಂಜೆ. ಹಗಲೆಲ್ಲ ಮನೆಯಲ್ಲಿ ಭಾವ ಮತ್ತು ಅವರ ತಾಯಿ ವೆಂಕಟಮ್ಮ ಇಬ್ಬರೇ. ನೋಟ ಇನ್ನೂ ಕಿರಿದಾಗುತ್ತಾ ಹೋಯಿತು. ಟೀವಿ ಹಾಕಿದರೆ ಪರದೆಯ ಈ ಮೂಲೆಯಿಂದ ಆ ಮೂಲೆಗೆ ಮುಖ ಹೊರಳಿಸಿ ಹುಡುಕಬೇಕು. ಮಾತಾಡುವವನನ್ನು ಹುಡುಕುವಷ್ಟರಲ್ಲಿ ಅವನ ಮಾತು ಮುಗಿದಿರುತ್ತಿತ್ತು. ಕೊನೆಗೆ ಭಾವ ಕಣ್ಣು ಮುಚ್ಚಿಕೊಂಡೇ ಸಿನಿಮಾ ಕೇಳುವುದನ್ನು ಕಲಿತರು. ಆದರೆ ಹಾಗೆ ಕೇಳಲು ಸದ್ದು ಜೋರಾಗಿರಬೇಕು. ಜೋರಾದರೆ ಕಾವ್ಯಳಿಗೆ ಓದಲಾಗದು, ವೆಂಕಟಮ್ಮನವರಿಗೆ ತಲೆನೋವು. ಹೀಗಾಗಿ ಒಂದು ಶನಿವಾರ, ಅಷ್ಟರಲ್ಲಿ ಮದುವೆಯಾಗಿ ಹೊಸಕೋಟೆಯಲ್ಲಿದ್ದ ನನ್ನ ಮನೆಗೆ ಭಾವನ ಫೋನ್ ಬಂತು.

"ಶೋಭಾ, ಕಿವಿಗೆ ಹಾಕ್ಕೊಳ್ಳೋದು ಬರ್ತದಲ್ಲ, ಸರೌಂಡ್ ಸೌಂಡಿಂದು. ಥಿಯೇಟರ್ ತರ ಸುತ್ತ ಕೇಳಿಸ್ಬೇಕು. ಒಂದು ನೋಡಿ ಕೊಡ್ಸಮ್ಮ. ಪಕ್ಕ ಕಾಣದಿದ್ರೆ ಹಾಳಾಗೋಗ್ಲಿ, ಪಕ್ಕ ಕೇಳಿಸ್ಲಿ."

ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯ ಎಲೆಕ್ಟ್ರಾನಿಕ್ಸ್ ಅಂಗಡಿಗೆ ಕರೆದುಕೊಂಡು ಹೋದೆ. ಅಂಗಡಿಯ ಬಾಷಾ ಭಾಯ್ ಮೊದಲು ತೋರಿಸಿದ್ದು ವೈರಿಲ್ಲದ್ದು. ಭಾವ ಆ ಪುಟ್ಟ ಗುಂಡಿಗಳನ್ನು ಅಂಗೈಯಲ್ಲಿ ಹಿಡಿದು ನೋಡಿ ಹಿಂದಕ್ಕೆ ಕೊಟ್ಟರು. "ಇದು ಕೆಳಗೆ ಬಿದ್ರೆ ನಾನು ಹುಡುಕೋದು ಹೆಂಗೆ? ವೈರಿಂದು ಕೊಡಪ್ಪಾ. ವೈರ್ ಹಿಡಿದು ಎಳೆದ್ರೆ ಕೈಗೆ ಬರ್ತದೆ. ಚಾರ್ಜು ಗೀರ್ಜು ಅನ್ನೋ ತಾಪತ್ರಯಾನೂ ಇರಲ್ಲ."

ಆಗ ಬಾಷಾ ಭಾಯ್ ಒಂದು ದೊಡ್ಡ ಡಬ್ಬಿ ತೆಗೆದರು. ಆಟ ಆಡುವ ಹುಡುಗರು ಕಂಪ್ಯೂಟರಿಗೆ ಸಿಕ್ಕಿಸಿಕೊಳ್ಳುವಂಥ ಹೆಡ್‌ಫೋನು. ಡಬ್ಬಿಯ ಮೇಲೆ ಏಳು ಸ್ಪೀಕರುಗಳ ಮಧ್ಯೆ ಒಬ್ಬ ಕೂತಿರುವ ಚಿತ್ರ. "ಸಾರ್, ಏಳು ಕಡೆಯಿಂದ ಬರ್ತದೆ" ಎಂದರು. ಭಾವ ಅದರ ಕಿವಿ ಮುಚ್ಚುವ ಮೆತ್ತೆಯನ್ನು ಒತ್ತಿ ಒತ್ತಿ ನೋಡಿದರು.

"ಇದ್ರೊಳಗೆ ಈ ಕಡೆ ಒಂದು, ಆ ಕಡೆ ಒಂದು, ಎರಡೇ ಅಲ್ವಾ ಸ್ಪೀಕರ್ ಇರೋದು? ಏಳು ಎಲ್ಲಿಂದ ಬಂತು? ಮೋಸ ಅಲ್ವಾ ಭಾಯ್?"

"ಮೋಸ ಅಲ್ಲ ಸಾರ್, ಲೆಕ್ಕಾಚಾರ. ನಿಮಗೂ ಎರಡೇ ಕಿವಿ ಅಲ್ವಾ? ಎಡಗಡೆಯಿಂದ ಕರೆದ್ರೆ ಎಡಗಡೆ ಅಂತ ಹೆಂಗೆ ಗೊತ್ತಾಗ್ತದೆ? ಒಂದು ಕಿವಿಗೆ ಚೂರು ಮೊದಲು, ಇನ್ನೊಂದಕ್ಕೆ ಚೂರು ಆಮೇಲೆ. ಹಂಗೆ ಕಲಸಿ ಕೊಡ್ತದೆ ಮೆಷೀನು. ಕಿವಿ ನಂಬ್ಬಿಡ್ತದೆ."

"ನಂಬ್ಬಿಡ್ತದೆ" ಎಂದು ಭಾವ ಮೆಚ್ಚುಗೆಯಿಂದ ತಲೆಯಾಡಿಸಿದರು.

ಬಾಷಾ ಭಾಯ್ ಹೆಲಿಕಾಪ್ಟರ್ ಸದ್ದು ಹಾಕಿದರು. ತಲೆಯ ಸುತ್ತ ಗಿರ್ರೆಂದು ಸುತ್ತುವಂಥದ್ದು. ಎಲ್ಲರೂ ಅದನ್ನು ಕೇಳಿ ಬೆರಗಾಗಿ ಕೊಂಡುಹೋಗುತ್ತಾರಂತೆ. ಭಾವ ಮಾತ್ರ, "ಹೆಲಿಕಾಪ್ಟರ್ ಯಾಕಪ್ಪಾ ನಂಗೆ? ಮನೇಲಿ ನಾಲ್ಕು ಜನ ಕೂತು ಮಾತಾಡೋ ಸೀನ್ ಹಾಕು" ಎಂದರು. ಹಾಕಿದಾಗ ಮುಖ ಕಿವುಚಿದರು. ಆ ದೊಡ್ಡ ಹೆಡ್‌ಫೋನಿನಲ್ಲಿ ಸದ್ದೇನೋ ಸುತ್ತ ಹರಡಿತ್ತು, ಆದರೆ ಮನುಷ್ಯರ ಮಾತು ಬಾವಿಯೊಳಗಿಂದ ಬಂದಹಾಗಿತ್ತು. ಭಾವ ಸಿನಿಮಾ ಹಾಕಿಕೊಳ್ಳುವ ಫೋನಿಗೆ ಅದನ್ನು ಸಿಕ್ಕಿಸಿದರೆ ಆ ಏಳು ಕಡೆಯ ಆಟ ನಡೆಯುವುದೂ ಇಲ್ಲ ಎಂದು ನಾನೇ ಕೇಳಿ ತಿಳಿದುಕೊಂಡೆ. ಕೊನೆಗೆ ನಾವು ಆರಿಸಿದ್ದು ಎರಡೂ ಕಿವಿ ಪೂರ್ತಿ ಮುಚ್ಚುವ, ಮಾತು ಸ್ಪಷ್ಟವಾಗಿ ಕೇಳಿಸುವ ಒಂದು ಸಾದಾ ವೈರಿನ ಹೆಡ್‌ಫೋನು. ಸರೌಂಡನ್ನು ಫೋನಿನ ಸೆಟ್ಟಿಂಗಿನಲ್ಲೇ ಹಾಕಿಕೊಳ್ಳಬಹುದಿತ್ತು. ಫೋನಿಗೆ ದುಂಡು ಪಿನ್ನು ಹೋಗುವ ತೂತಿರಲಿಲ್ಲ. ಅದಕ್ಕೊಂದು ಗೇಣುದ್ದದ ಕನೆಕ್ಟರ್ ತಗೊಂಡೆವು.

ಆ ಭಾನುವಾರ ಮಧ್ಯಾಹ್ನ ಅಕ್ಕನ ಮನೆಯಲ್ಲಿ ಊಟ ಮಾಡಿ ನಾನೂ ಭಾವನೂ ಸೆಟ್ಟಿಂಗಿಗೆ ಕೂತೆವು. ಸರೌಂಡ್ ಪೂರ್ತಿ ಏರಿಸಿದರೆ ಮಾತು ದೂರ ಹೋಗುತ್ತದೆ, ತೀರಾ ಇಳಿಸಿದರೆ ಎಲ್ಲ ತಲೆಯೊಳಗೇ ಕೂತುಬಿಡುತ್ತದೆ. ನಾನು ಬೆರಳಲ್ಲಿ ಚೂರು ಚೂರೇ ಸರಿಸುವುದು, ಅವರು ಕಣ್ಣು ಮುಚ್ಚಿಕೊಂಡು ಕೈ ತೋರಿಸುವುದು. "ಬಾಗಿಲು ಈ ಕಡೆ. ಅಡುಗೆಮನೆ ಅಲ್ಲಿ. ಈಗ ಯಾರೋ ಹಿಂದಿಂದ ಬಂದ್ರು... ಹೆಂಗಸು, ಕಾಲ್ಗೆಜ್ಜೆ ಐತೆ... ಸಾಕು ಸಾಕು, ಇಲ್ಲೇ ಬಿಡು." ಅವರ ಮುಖದಲ್ಲಿ ಅಂಥ ಬೆಳಕನ್ನು ಬಸ್ಸು ಬಿಟ್ಟ ಮೇಲೆ ನಾನು ಕಂಡಿರಲಿಲ್ಲ. ಆಗ ಸಿನಿಮಾದಲ್ಲಿ ಎಲ್ಲೋ ಹಾರ್ನ್ ಆಗಿರಬೇಕು, ಭಾವ ಫಕ್ಕನೆ ಹಿಂದಕ್ಕೆ ತಿರುಗಿದರು. ತಿರುಗಿದವರು ಗೊಂದಲದಿಂದ ಹಾಗೇ ಕೂತುಬಿಟ್ಟರು.

"ಇದೇನಮ್ಮ ಇದು, ನಾನು ತಿರುಗಿದ್ರೂ ಅದು ಇನ್ನೂ ಹಿಂದೇನೇ ಐತಲ್ಲ?"

ಹೆಡ್‌ಫೋನು ತಲೆಯ ಮೇಲೇ ಇರುವುದರಿಂದ, ತಲೆ ತಿರುಗಿದರೆ ಸದ್ದೂ ಜೊತೆಗೇ ತಿರುಗುತ್ತದೆ ಎಂದು ವಿವರಿಸಿದೆ. ಅವರು ಇನ್ನೊಮ್ಮೆ ಕತ್ತು ತಿರುಗಿಸಿ ಪರೀಕ್ಷಿಸಿ, "ಹಂಗಾದ್ರೆ ಇನ್ಮೇಲೆ ತಿರುಗಬಾರದು. ಕೂತಿದ್ದ ಕಡೆ ಕೂತಿರ್ಬೇಕು" ಎಂದರು. ಅಂದಿನಿಂದ ಗೋಡೆಗೆ ಮುಖ ಮಾಡಿ, ಕತ್ತು ಅಲುಗಿಸದೆ ಕೇಳುವುದನ್ನು ರೂಢಿ ಮಾಡಿಕೊಂಡರು.

ಆ ಕೂರುವಿಕೆಯೇ ಅಕ್ಕನಿಗೆ ಆಗಿಬರಲಿಲ್ಲ. ಕೆಲಸದಿಂದ ಬಂದು ಬಾಗಿಲು ತೆಗೆದರೆ ಎದುರಿಗೆ ಗಂಡನ ಬೆನ್ನು. ಕರೆದರೆ ಉತ್ತರವಿಲ್ಲ. "ಸುತ್ತ ಸೌಂಡು ಬೇಕಂತೆ ಕಣೇ ಇವರಿಗೆ" ಎಂದು ಒಮ್ಮೆ ನನ್ನೆದುರಿಗೇ ಸಿಡಿದಳು, "ಸುತ್ತ ನಾವಿಲ್ವಾ?" ಅದು ಭಾವನಿಗೆ ಕೇಳಿಸಲಿಲ್ಲ. ವೆಂಕಟಮ್ಮನವರು ಮಗನ ಪರವಾಗಿಯೇ ಮಾತಾಡುತ್ತಿದ್ದರು. "ಬಿಡಮ್ಮ, ಇನ್ನೇನೈತೆ ಅವನಿಗೆ? ಎಲ್ಲೋ ಸುತ್ತಾಡಿ ಬರ್ತಾನೆ ಅದ್ರಲ್ಲಿ." ಊಟದ ಹೊತ್ತಿಗೆ ಅವರೇ ಬಂದು ಮಗನ ಭುಜ ತಟ್ಟಿ ಎಬ್ಬಿಸುತ್ತಿದ್ದರು.

ಒಂದು ಮಧ್ಯಾಹ್ನ ವೆಂಕಟಮ್ಮ ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಜಾರಿ ಬಿದ್ದರು. ಏಳಲಾಗಲಿಲ್ಲ. ಬಿಸಿಲಿನಲ್ಲಿ ಬಿದ್ದಲ್ಲಿಂದಲೇ ಮಗನನ್ನು ಕೂಗಿದರು. ಎಷ್ಟು ಹೊತ್ತು ಕೂಗಿದರೋ ಯಾರಿಗೂ ಸರಿಯಾಗಿ ಗೊತ್ತಿಲ್ಲ. ಹಸುವಿಗೆ ನೀರಿಡಲು ಬಂದ ಪಕ್ಕದ ಮನೆಯ ಗೌರಮ್ಮ ಕಾಂಪೌಂಡಿನಾಚೆಯಿಂದ ನರಳಾಟ ಕೇಳಿ ಓಡಿ ಬಂದು, ಒಳಗೆ ಗೋಡೆಗೆ ಮುಖ ಮಾಡಿ ಕೂತಿದ್ದ ಭಾವನ ತಲೆಯಿಂದ ಹೆಡ್‌ಫೋನನ್ನು ಕಿತ್ತೆಳೆದು, "ಏನಪ್ಪಾ ರಾಜು, ನಿಮ್ಮಮ್ಮ ಸಾಯ್ತಾ ಬಿದ್ದವ್ಳೆ!" ಎಂದು ಕಿರುಚಿದಳಂತೆ.

ಸೊಂಟದ ಮೂಳೆ ಮುರಿದಿತ್ತು. ಆಪರೇಶನ್ ನಡೆಯುವಾಗ ಆಸ್ಪತ್ರೆಯ ಹೊರಗಿನ ಬೆಂಚಿನಲ್ಲಿ ನಾನೂ ಭಾವನೂ ಕೂತಿದ್ದೆವು. ಅಕ್ಕ ಔಷಧಿ ತರಲು ಹೋಗಿದ್ದಳು. ಹೋಗುವ ಮೊದಲು ಗಂಡನನ್ನು ನೋಡಿದ ನೋಟವನ್ನು ಭಾವ ಕಂಡಿರಲಾರರು. ನಾನು ಕಂಡೆ. ಏನಾದರೂ ಸಮಾಧಾನ ಹೇಳಬೇಕೆಂದು, "ಕೇಳಿಸದಿದ್ರೆ ನೀವೇನ್ ಮಾಡಕ್ಕಾಯ್ತದೆ ಭಾವ? ಕಿವಿ ಮುಚ್ಚಿತ್ತಲ್ಲ" ಅಂದೆ.

ಅಕ್ಕನ ಹೆಜ್ಜೆಯ ಸದ್ದಿಲ್ಲವೆಂದು ಭಾವ ಕಿವಿಯಿಟ್ಟು ಖಚಿತ ಮಾಡಿಕೊಂಡರು. ಆಮೇಲೆ ತೀರ ಮೆಲ್ಲಗೆ ಹೇಳಿದರು.

"ಕೇಳಿಸ್ತು ಶೋಭಾ."

"ಏನು?"

"ಅಮ್ಮ ಕೂಗಿದ್ದು ಕೇಳಿಸ್ತು. ಸಣ್ಣಗೆ ಕೇಳಿಸ್ತು, ಎಡಗಡೆ ಹಿಂದಿಂದ. ಸಿನಿಮಾದಲ್ಲೂ ಒಂದು ಹಳ್ಳಿ ಮನೆ ಸೀನು. ಯಾರೋ ಮುದುಕಿ ಹಿತ್ತಲಿಂದ ಮಗನ್ನ ಕೂಗ್ತಾವ್ಳೆ ಅಂದ್ಕೊಂಡೆ. 'ರಾಜಾ, ರಾಜಾ' ಅಂತ. ಅವನ ಹೆಸರೂ ರಾಜ ಇರ್ಬೇಕು ಅಂದ್ಕೊಂಡೆ. ಎಷ್ಟು ಚೆನ್ನಾಗಿ ಸೆಟ್ ಆಗೈತೆ, ನಿಜವಾಗ್ಲೂ ನಮ್ಮ ಹಿತ್ತಲಿಂದಾನೇ ಬಂದಂಗೈತೆ ಅಂತ... ಖುಷಿಪಟ್ಟೆ ಕಣಮ್ಮ. ಕೂತು ಖುಷಿಪಟ್ಟೆ."

ಅವರ ಕೈ ಹಿಡಿದುಕೊಂಡೆ.

"ಸರೋಜಂಗೆ ಹೇಳ್ಬೇಡ" ಎಂದರು. "ಹೇಳೋದಾದ್ರೆ ನಾನೇ ಹೇಳ್ತೀನಿ. ಮೊದಲು ಅಮ್ಮಂಗೆ."

ಆದರೆ ಹೇಳಲು ಅವರಿಗೆ ವಾರಗಳೇ ಹಿಡಿದವು. ಮನೆಗೆ ಬಂದ ವೆಂಕಟಮ್ಮ ಹಾಸಿಗೆ ಬಿಟ್ಟು ಏಳಲಿಲ್ಲ. ನೋಡಲು ಬಂದವರೆಲ್ಲ ಅದೇ ಮಾತೆತ್ತುತ್ತಿದ್ದರು, ಅವರು ಎಲ್ಲರಿಗೂ ಅದೇ ಉತ್ತರ ಕೊಡುತ್ತಿದ್ದರು: "ಪಾಪ, ಅವನಿಗೆ ಕೇಳಿಸಿಲ್ಲ. ಕೇಳಿಸಿದ್ರೆ ನನ್ನ ಮಗ ಬರ್ದೇ ಇರ್ತಿದ್ನಾ?" ಪ್ರತಿ ಸಲವೂ ಭಾವ ಎದ್ದು ಹೊರಗೆ ಹೋಗುತ್ತಿದ್ದರು. ತಾಯಿಯ ಸೇವೆಯನ್ನೆಲ್ಲ ಅವರೇ ಮಾಡುತ್ತಿದ್ದರು. ತಡಕಾಡಿಕೊಂಡೇ ಗಂಜಿ ಕುಡಿಸುವುದು, ಮಗ್ಗುಲು ಬದಲಿಸುವುದು, ಬೆನ್ನು ಒರೆಸುವುದು. ಅಕ್ಕ ಮಾತ್ರ ಗಂಡನ ಜೊತೆ ಬೇಕಾದಷ್ಟಕ್ಕೇ ಮಾತಾಡುತ್ತಿದ್ದಳು.

ನಾನು ನೋಡಲು ಹೋಗಿದ್ದ ಒಂದು ಸಂಜೆ, ನನ್ನ ಮುಂದೆಯೇ, ಯಾವ ಪೀಠಿಕೆಯೂ ಇಲ್ಲದೆ ಭಾವ ಹೇಳಿಬಿಟ್ಟರು. "ಅಮ್ಮ, ಅವತ್ತು ನೀನು ಕೂಗಿದ್ದು ನಂಗೆ ಕೇಳಿಸ್ತು. ಸಿನಿಮಾದಲ್ಲಿ ಅಂದ್ಕೊಂಡು ಕೂತಿದ್ದೆ." ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ಅಕ್ಕನಿಗೂ ಕೇಳಿಸಿತ್ತು.

ವೆಂಕಟಮ್ಮ ಏನೂ ಹೇಳಲಿಲ್ಲ. ಭಾವ ಹಾಸಿಗೆಯ ಕಡೆ ಮುಖ ಮಾಡಿ ಹುಡುಕಿದರು. ಸಂಜೆಯ ಮಬ್ಬಿನಲ್ಲಿ ಅವರ ಆ ಚೂರು ನೋಟಕ್ಕೆ ತಾಯಿಯ ಮುಖ ಸಿಕ್ಕಲಿಲ್ಲ.

"ಶೋಭಾ, ಅಮ್ಮನ ಮುಖ ಹೆಂಗೈತೆ? ಸುಳ್ಳು ಹೇಳ್ಬೇಡ."

ಆ ಮುಖವನ್ನು ನಾನು ನೋಡಿದೆ. ಅದರಲ್ಲಿ ಕ್ಷಮೆ ಇತ್ತೆಂದು ಹೇಳಿದರೆ ಸುಳ್ಳಾಗುತ್ತದೆ. ನೋವಿತ್ತು. ಇಷ್ಟು ದಿನ ಊರಿಗೆಲ್ಲ ಹೇಳಿಕೊಂಡು ಬಂದ ಮಾತು ಬಿದ್ದುಹೋದ ಅವಮಾನದಂಥದ್ದೂ ಇತ್ತು.

"ನಿಮ್ಮನ್ನೇ ನೋಡ್ತಾವ್ರೆ ಭಾವ. ಕಣ್ಣಲ್ಲಿ ನೀರೈತೆ" ಅಂದೆ.

ಆಗ ವೆಂಕಟಮ್ಮ ಬಾಯಿಬಿಟ್ಟರು. "ಬಾಯಿ ಒಣಗ್ಹೋಗಿತ್ತು ಕಣೋ ನಂಗೆ, ಕೂಗಿ ಕೂಗಿ" ಅಂದರು. ಸ್ವಲ್ಪ ತಡೆದು, "ಈಗಲೂ ಒಣಗೈತೆ. ನೀರು ಕೊಡು" ಅಂದರು.

ಭಾವ ಎದ್ದು, ಗೋಡೆ ಸವರಿಕೊಂಡು ಅಡುಗೆಮನೆಗೆ ಹೋದರು. ಅಕ್ಕ ಲೋಟಕ್ಕೆ ನೀರು ತುಂಬಿ ಅವರ ಕೈಗಿಟ್ಟಳು. ಅವರು ತುಳುಕಿಸದೆ ತಂದು ತಾಯಿಯ ತಲೆಯೆತ್ತಿ ಕುಡಿಸಿದರು. ಆ ವಿಷಯ ಆ ಮನೆಯಲ್ಲಿ ಮತ್ತೆ ಯಾರೂ ಎತ್ತಲಿಲ್ಲ. ವೆಂಕಟಮ್ಮನವರು ಮಗ ಕುಡಿಸಿದರೆ ಮಾತ್ರ ನೀರು ಕುಡಿಯುತ್ತಿದ್ದರು. ಪ್ರೀತಿಗೋ, ಶಿಕ್ಷೆಗೋ ನನಗೆ ತಿಳಿಯದು. ಮಳೆಗಾಲ ಮುಗಿಯುವ ಮೊದಲೇ ಅವರು ತೀರಿಕೊಂಡರು.

ತಿಥಿ ಮುಗಿದ ಮೇಲೂ ಭಾವ ಸಿನಿಮಾ ಹಾಕಲಿಲ್ಲ. ಹೆಡ್‌ಫೋನನ್ನು ಕಾವ್ಯ ಪಾಠ ಕೇಳಲು ತಗೊಂಡಳು, ಅದೂ ಒಂದೇ ಕಿವಿಗೆ. ಸರೌಂಡ್ ಕಡಿಮೆ ಮಾಡಿ, ಕಿವಿ ಮುಚ್ಚದ ಬೇರೊಂದನ್ನು ತರುತ್ತೇನೆ ಎಂದು ನಾನು ಹೇಳಿ ನೋಡಿದೆ. "ಬೇಡ ಕಣಮ್ಮ. ಮನೆ ಕೇಳಿಸ್ಕೊಂಡ್ರೆ ಸಾಕು" ಎಂದರು. ತಿಂಗಳುಗಟ್ಟಲೆ ಜಗಲಿಯ ಮೇಲೆ ಸುಮ್ಮನೆ ಕೂತಿದ್ದ ಮನುಷ್ಯ ಒಂದು ದಿನ ತಾವಾಗಿಯೇ ಅಕ್ಕನಿಗೆ, ಕೋಲು ಹಿಡಿದು ನಡೆಯುವುದನ್ನು ಕಲಿಯುತ್ತೇನೆ ಎಂದರಂತೆ. ಅಲ್ಲಿಯವರೆಗೆ ಆ ಬಿಳಿಯ ಕೋಲಿನ ಹೆಸರೆತ್ತಿದರೆ ರೇಗುತ್ತಿದ್ದವರು. ಯಾಕೆ ಎಂದು ಅಕ್ಕ ಕೇಳಿದ್ದಕ್ಕೆ, "ಯಾರಾದ್ರೂ ಕರೆದ್ರೆ ಬೇಗ ಎದ್ದು ಹೋಗ್ಬೇಕಲ್ಲ" ಎಂದರಂತೆ. ಅಂದು ಅಕ್ಕ ಎಷ್ಟೋ ದಿನಗಳ ಮೇಲೆ ಗಂಡನ ಪಕ್ಕ ಕೂತು ಊಟ ಮಾಡಿದಳು.

ಭಾವ ಈಗ ಇಲ್ಲ. ಸಂಕ್ರಾಂತಿ ಕಳೆದ ಮೇಲೆ ಒಂದು ಬೆಳಿಗ್ಗೆ ಎದೆನೋವೆಂದು ಕೂತವರು ಆಸ್ಪತ್ರೆ ಸೇರುವಷ್ಟರಲ್ಲಿ ಮುಗಿದಿದ್ದರು. ನಾನು ಅವರನ್ನು ಕೊನೆಯ ಸಲ ಕಂಡದ್ದು ಅದಕ್ಕೂ ಸ್ವಲ್ಪ ಮೊದಲು. ಅಕ್ಕನ ಮನೆಗೆ ಹೋಗಿ ಹೊರಟಾಗ, "ರೋಡ್‌ವರೆಗೂ ನಾನೇ ಬಿಟ್ಟು ಬರ್ತೀನಿ" ಎಂದು ಕೋಲು ಹಿಡಿದು ಎದ್ದರು. ಕೈ ಹಿಡಿಯಲು ಹೋದೆ. "ಹಿಂದೆ ಬಾ. ಮಾತಾಡ್ಬೇಡ, ನಂಗೆ ಕೇಳಿಸ್ಬೇಕು" ಎಂದರು. ಕೋಲು ಟಕಟಕ ಎನ್ನುತ್ತಾ ಮುಂದೆ, ನಾನು ಹಿಂದೆ. ರಸ್ತೆಯ ಅಂಚಿನಲ್ಲಿ ನಿಂತು, ಆ ಕಡೆ ಈ ಕಡೆ ಕಿವಿಯಿಟ್ಟು ಆಲಿಸಿದರು. ಒಂದು ಟೆಂಪೋ ಹೋಗಲು ಬಿಟ್ಟರು. ಒಂದು ಬೈಕು ಹೋಗಲು ಬಿಟ್ಟರು. ಆಮೇಲೆ ನೆಟ್ಟಗೆ, ಅವಸರವಿಲ್ಲದೆ ದಾಟಿ, ಆಚೆ ಬದಿಯ ಟೀ ಅಂಗಡಿಯ ಮುಂದೆ ನಿಂತರು.

"ಎರಡು ಟೀ ಕೊಡಪ್ಪಾ. ಒಂದು ನಮ್ಮ ನಾದಿನಿಗೆ" ಎಂದದ್ದು ಇನ್ನೂ ಈಚೆ ಬದಿಯಲ್ಲೇ ನಿಂತಿದ್ದ ನನಗೂ ಕೇಳಿಸಿತು.

ಅಷ್ಟರಲ್ಲಿ ಹೊಸಕೋಟೆಯ ಬಸ್ಸು ನನ್ನ ಬದಿಗೆ ಬಂದು ನಿಂತಿತು. ಅದು ಬಿಟ್ಟರೆ ಮುಂದಿನದಕ್ಕೆ ಬಹಳ ಹೊತ್ತು. "ಭಾವ, ಬಸ್ ಬಂತು!" ಎಂದು ಕೂಗಿದೆ. ಭಾವ ಎರಡೂ ಕೈಯಲ್ಲಿ ಎರಡು ಲೋಟ ಹಿಡಿದು ನನ್ನ ಕಡೆ ತಿರುಗಿದರು. ಕೋಲು ಕಂಕುಳಲ್ಲಿತ್ತು.

"ಹತ್ತಮ್ಮ, ಹತ್ತು! ಎರಡೂ ನಾನೇ ಕುಡೀತೀನಿ!"

ಬಸ್ಸು ಹೊರಟಾಗ ಕಿಟಕಿಯಿಂದ ನೋಡಿದೆ. ಮೊದಲನೆಯದನ್ನು ಆಗಲೇ ಊದಿ ಊದಿ ಕುಡಿಯುತ್ತಿದ್ದರು.